ಕರೆಂಟಿಲ್ಲದ್ದೂ ತಂತ್ರಜ್ಞಾನವೇ? ಪರ – ವಿರೋಧ

ಪರ: ಅಪ್ಪಯ್ಯನ ದಬ್ಬೆಗೆ ಪ್ಲಗ್ ಇರಲಿಲ್ಲ

*ಬರೆದವರು: ಸಿರಸಿ ಸೀಮೆಯ ಅಡಿಕೆ ಬೆಳೆಗಾರ್ತಿ*

ತಮ್ಮನ ಮಗ ಎಂಟನೇ ಕ್ಲಾಸು. ಹೋದ ಡಿಸೆಂಬರಿನಲ್ಲಿ ಅವನ ಶಾಲೆಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಪ್ರದರ್ಶನ ಇತ್ತು. ಏನು ಮಾಡಲಿ ಅಂತ ನನ್ನನ್ನು ಕೇಳಿದ. ದಬ್ಬೆ ನೀರಿನ ಮಾದರಿ ಮಾಡು ಎಂದೆ. ಮಾಣಿ ಎರಡು ಭಾನುವಾರ ಕೂತು ಮಾಡಿದ. ಥರ್ಮಾಕೋಲಿನ ಗುಡ್ಡ, ಅದರ ತುದಿಯಲ್ಲಿ ತೂತು ಮಾಡಿದ ಡಬ್ಬಿ, ಅಲ್ಲಿಂದ ಕೆಳಗೆ ಸೀಳಿದ ಬಿದಿರಿನ ಸಾಲು, ಪುಟ್ಟ ಪುಟ್ಟ ಕವೆಗೋಲು, ಕೊನೆಗೆ ಮನೆಯ ಬಾನಿ. ಡಬ್ಬಿಗೆ ನೀರು ಹಾಕಿದರೆ ಒಂದು ಹನಿಯೂ ಆಚೀಚೆ ಚೆಲ್ಲದೆ ಬಾನಿಗೆ ಬೀಳುತ್ತಿತ್ತು.

ಸಂಜೆ ಬಂದವನ ಮುಖ ಸಪ್ಪೆ. ಅವನ ಮಾದರಿಯನ್ನು ತಂತ್ರಜ್ಞಾನದ ಮೇಜಿನಿಂದ ಎತ್ತಿ ಕರಕುಶಲದ ಮೇಜಿನ ಮೇಲೆ ಇಟ್ಟಿದ್ದರಂತೆ. ಒಂದು ಬದಿ ಕಾಗದದ ಗುಲಾಬಿ, ಇನ್ನೊಂದು ಬದಿ ಐಸ್‌ಕ್ರೀಮ್ ಕಡ್ಡಿಯ ಮನೆ. ಮೊದಲ ಬಹುಮಾನ ಹೋಗಿದ್ದು ಆನ್‌ಲೈನಿನಲ್ಲಿ ತರಿಸಿದ ಕಿಟ್ ಜೋಡಿಸಿ ಓಡಿಸಿದ ಒಂದು ಕಾರಿಗೆ.

"ಇದು ತಂತ್ರಜ್ಞಾನ ಅಲ್ದಡ ಅತ್ತೆ. ಕರೆಂಟೇ ಇಲ್ಯಲ" ಎಂದ.

ಆ ಮಾತು ಕೇಳಿದಾಗಿನಿಂದ ನನಗೆ ಸಿಟ್ಟು. ಈ ಪರ–ವಿರೋಧ ಲೇಖನ ಬರೆಯಲು ಹೇಳಿದವರು ಯಾವ ಪಕ್ಷ ಬೇಕು ಎಂದು ಕೇಳಿ ಮುಗಿಸುವ ಮೊದಲೇ ಪರ ಎಂದೆ.

ದಬ್ಬೆ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಮುದಿ ಅಡಿಕೆ ಮರ ಕಡಿದು ಉದ್ದಕ್ಕೆ ಎರಡಾಗಿ ಸೀಳಿ, ಒಳಗಿನ ಮೆದು ಭಾಗ ಕೆರೆದು ತೆಗೆದರೆ ಸಿಗುವ ದೋಣಿಯಂಥ ಸೀಳು ಅದು. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಬ್ಬಿ ಇದೆ. ಅಲ್ಲಿಂದ ಬಚ್ಚಲ ಬಾನಿಗೆ ಇನ್ನೂರು ಮಾರು ದೂರ. ಒಂದು ದಬ್ಬೆಯ ಬಾಯಿಗೆ ಇನ್ನೊಂದರ ತಲೆ ಕೊಟ್ಟು, ಕವೆಗೋಲಿನ ಮೇಲೆ ಕೂರಿಸಿ, ಅಪ್ಪಯ್ಯ ಮನೆತನಕ ನೀರು ತರುತ್ತಿದ್ದ. ಇಳಿಜಾರು ಜಾಸ್ತಿಯಾದರೆ ಸಂದಿಯಲ್ಲಿ ನೀರು ಹಾರಿ ಹೋಗುತ್ತದೆ. ಕಡಿಮೆಯಾದರೆ ಒಣ ಎಲೆಯ ದರಕು ಬಿದ್ದು ಕಟ್ಟಿಕೊಳ್ಳುತ್ತದೆ. ಅಪ್ಪಯ್ಯನ ಹತ್ತಿರ ಮಟ್ಟ ನೋಡುವ ಉಪಕರಣ ಯಾವುದೂ ಇರಲಿಲ್ಲ. ದಬ್ಬೆಗೆ ನೀರು ಬಿಟ್ಟು, ಅದರ ಮೇಲೆ ಒಂದು ಒಣ ಎಲೆ ಹಾಕಿ, ಎಲೆಯ ಜೊತೆಗೇ ನಡೆಯುತ್ತಿದ್ದ. ಎಲೆ ಅವನನ್ನು ದಾಟಿ ಓಡಿದರೆ ಮುಂದಿನ ಕವೆಗೋಲು ಎತ್ತರಿಸುತ್ತಿದ್ದ. ಹಿಂದೆ ಬಿದ್ದರೆ ತಗ್ಗಿಸುತ್ತಿದ್ದ. ಅಷ್ಟೇ ಅವನ ಲೆಕ್ಕ.

ಆಮೇಲೆ ಕರಿ ಪೈಪು ಬಂತು. ಕೇರಿಯವರೆಲ್ಲ ನೋಡಲು ಬಂದರು. ಹೊಸ ಟೆಕ್ನಾಲಜಿ ಬಂತು ಎಂದರು. ಪೈಪು ಹಾಕಿದ ಹುಡುಗರು ಗುಡ್ಡ ಅಳೆಯಲಿಲ್ಲ, ಏನಿಲ್ಲ. ದಬ್ಬೆ ಇದ್ದ ಸಾಲಿನಲ್ಲೇ, ಅವೇ ಕವೆಗೋಲುಗಳ ಪಕ್ಕದಲ್ಲೇ ಪೈಪು ಮಲಗಿಸಿ ಹೋದರು. ನೀರು ಬಂತು. ಯಾಕೆ ಬರುವುದಿಲ್ಲ? ದಾರಿ ಅಪ್ಪಯ್ಯ ಹಾಕಿಟ್ಟಿದ್ದ. ಪೈಪಿಗೂ ಕರೆಂಟಿಲ್ಲ, ದಬ್ಬೆಗೂ ಕರೆಂಟಿಲ್ಲ. ಆದರೆ ಅಂಗಡಿಯಿಂದ ದುಡ್ಡು ಕೊಟ್ಟು ತಂದದ್ದು ಟೆಕ್ನಾಲಜಿ, ತೋಟದಲ್ಲೇ ಕಡಿದದ್ದು ಬರೀ ದಬ್ಬೆ.

ಹೋಗಲಿ, ಪದವನ್ನೇ ನೋಡೋಣ. ತಂತ್ರ ಎನ್ನುವ ಸಂಸ್ಕೃತ ಪದಕ್ಕೆ ಹಳೆಯ ಅರ್ಥ ಮಗ್ಗ, ಮಗ್ಗದ ಹಾಸು ನೂಲು. ಟೆಕ್ನಾಲಜಿಯ ಮೂಲ ಗ್ರೀಕಿನ ಟೆಕ್ನೆ, ಅಂದರೆ ಕಸುಬಿನ ಜಾಣ್ಮೆ. ಬಡಗಿಗೆ ಸಂಸ್ಕೃತದಲ್ಲಿ ತಕ್ಷ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಬೇರು ಒಂದೇ. 1777ರಲ್ಲಿ ಜರ್ಮನಿಯ ಯೋಹಾನ್ ಬೆಕ್‌ಮನ್ ಎಂಬ ಪ್ರೊಫೆಸರು ತಂತ್ರಜ್ಞಾನ ಅಂತಲೇ ಹೆಸರಿಟ್ಟು ಪುಸ್ತಕ ಬರೆದ. ಅದರಲ್ಲಿದ್ದದ್ದು ನೇಯ್ಗೆ, ಬಣ್ಣ ಹಾಕುವುದು ಇಂಥ ಕಸುಬುಗಳ ವಿಚಾರ. ಆಗ ಯಾರ ಮನೆಯಲ್ಲಿ ಕರೆಂಟಿತ್ತು ಹೇಳಿ? ಮಗ್ಗದಿಂದ ಹುಟ್ಟಿದ ಪದ ಮಗ್ಗವನ್ನೇ ಹೊರಗೆ ನಿಲ್ಲಿಸಿದ ಹಾಗಾಯಿತು ಕತೆ.

ಈಗ ಕೊಳೆಗೆ ಬರುತ್ತೇನೆ. ನಮಗೆ ಅಡಿಕೆಯವರಿಗೆ ಎಲ್ಲ ಮಾತೂ ಕೊನೆಗೆ ಕೊಳೆಗೇ ಬಂದು ನಿಲ್ಲುತ್ತದೆ.

2000 ಮಿಲಿಮೀಟರ್ ದಾಟುವ ಮಳೆಯಲ್ಲಿ ಅಡಿಕೆ ಗೊನೆಗೆ ಬೂಷ್ಟು ಹತ್ತಿ, ಹಸಿ ಕಾಯಿ ಕೊಳೆತು ಉದುರುವುದೇ ಕೊಳೆರೋಗ. ಅಜ್ಜನ ಕಾಲದಲ್ಲಿ ಮದ್ದು ಇರಲಿಲ್ಲ, ಕೊಟ್ಟೆ ಇತ್ತು. ಬೇಣದ ಕರಡ ಹುಲ್ಲು ಕೊಯ್ದು ಒಣಗಿಸಿ, ಹೆಣೆದು, ಮಳೆ ಹಿಡಿಯುವ ಮೊದಲು ಒಂದೊಂದೇ ಮರ ಹತ್ತಿ ಪ್ರತಿ ಗೊನೆಗೂ ಕಟ್ಟುವುದು. ಕಂಬಳಿ ಕೊಪ್ಪೆ ಹಾಕಿಕೊಂಡ ಹಾಗೆ ಗೊನೆ ಕಾಣುತ್ತಿತ್ತು. ನೀರು ಮೇಲಿಂದ ಜಾರಬೇಕು, ಗಾಳಿ ಕೆಳಗಿಂದ ಆಡಬೇಕು. ಗಾಳಿ ಆಡದಂತೆ ಕಟ್ಟಿದರೆ ಒಳಗೇ ಕೊಳೆ.

ಆಮೇಲೆ ಬೋರ್ಡೋ ಎಂಬ ಮದ್ದು ಬಂತು. ಅದರ ಕತೆಯೇ ಚೆಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಬದಿಯ ದ್ರಾಕ್ಷಿ ಕದಿಯುತ್ತಾರೆಂದು ತೋಟದವರು ಬಳ್ಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರಂತೆ. ಕಳ್ಳರು ವಿಷ ಎಂದು ಹೆದರಲಿ ಅಂತ. ಆ ಬಳ್ಳಿಗಳಿಗೆ ಬೂಷ್ಟು ಹತ್ತಲಿಲ್ಲ. ಅದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯ ವಿಜ್ಞಾನಿ ಪ್ರಯೋಗ ಮಾಡಿ 1885ರಲ್ಲಿ ಜಗತ್ತಿಗೆ ತಿಳಿಸಿದ. ನಮ್ಮ ಕಡೆಗೆ ಅದನ್ನು ತಂದ ಕೀರ್ತಿ ಲೆಸ್ಲಿ ಕೋಲ್ಮನ್‌ಗೆ. ಕೆನಡಾದವ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವ. ಕೊಳೆರೋಗದ ಹಿಂದೆ ಬಿದ್ದು, ಈ ಮದ್ದು ಅಡಿಕೆಗೂ ಆಗುತ್ತದೆ ಎಂದು ತೋರಿಸಿದ. ಇವತ್ತಿಗೂ ಲೆಕ್ಕ ಅದೇ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ.

ಕೇಳಲು ಇಷ್ಟೇ. ಮಾಡಲು ಇಷ್ಟೇ ಅಲ್ಲ ಎಂದು ನನಗೆ ಗೊತ್ತಾಗಿದ್ದು 1996ರ ಮಳೆಗಾಲದಲ್ಲಿ. ಅಪ್ಪಯ್ಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ತಮ್ಮ ಊರಲ್ಲಿರಲಿಲ್ಲ. ನಾನೇ ಮದ್ದು ಕಲಸಿದೆ. ಬಾಲ್ಯದಿಂದ ನೋಡಿದ್ದೆ, ಅದರಲ್ಲೇನಿದೆ ಎಂಬ ಧೈರ್ಯ. ಎರಡು ಬ್ಯಾರಲ್, ಒಂದರಲ್ಲಿ ಮೈಲುತುತ್ತದ ನೀರು, ಒಂದರಲ್ಲಿ ಸುಣ್ಣದ ನೀರು. ಎರಡನ್ನೂ ಸೇರಿಸಿದೆ. ಬಾನಿನ ಬಣ್ಣ ಬಂತು. ಮದ್ದು ಹೊಡೆಯುವವರು ಹತ್ತಿದರು, ಮೂರು ದಿನದಲ್ಲಿ ತೋಟ ಮುಗಿಯಿತು. ನಾನು ಬೀಗಿಕೊಂಡು ಅಪ್ಪಯ್ಯನ ಮಂಚದ ಹತ್ತಿರ ಹೋಗಿ ಹೇಳಿದೆ.

"ಕತ್ತಿ ಅದ್ದಿ ನೋಡಿದ್ಯನೆ?" ಎಂದು ಕೇಳಿದ.

ಅದ್ದಿರಲಿಲ್ಲ. ಅಪ್ಪಯ್ಯ ಪ್ರತಿ ಸಲ ಸೊಂಟದ ಕತ್ತಿ ಬಿಚ್ಚಿ ಮದ್ದಿನಲ್ಲಿ ಅದ್ದಿ ಎತ್ತಿ ನೋಡುವುದನ್ನು ನೋಡಿದ್ದೆ. ಅದೇನೋ ಶಾಸ್ತ್ರ ಎಂದುಕೊಂಡಿದ್ದೆ, ಹೊಸ ಕೆಲಸಕ್ಕೆ ಮುಂಚೆ ಕೈ ಮುಗಿದ ಹಾಗೆ. ಅದು ಪರೀಕ್ಷೆ! ಸುಣ್ಣ ಸಾಲದಿದ್ದರೆ ಬಿಡಿ ತಾಮ್ರ ಉಳಿದು ಕಬ್ಬಿಣದ ಅಲಗಿನ ಮೇಲೆ ಕೆಂಪಗೆ ಕೂರುತ್ತದೆ. ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಬೇಕು. ನಾನು ಬಳಸಿದ್ದು ಅಟ್ಟದ ಮೇಲೆ ಬಾಯಿ ಬಿಚ್ಚಿಟ್ಟಿದ್ದ ಹಿಂದಿನ ವರ್ಷದ ಚಿಪ್ಪಿ ಸುಣ್ಣ. ಗಾಳಿ ಕುಡಿದು ಸತ್ತು ಹೋಗಿತ್ತು. ತೂಕ ಸರಿ ಇತ್ತು, ಸತ್ವ ಇರಲಿಲ್ಲ. ಹತ್ತು ದಿನದಲ್ಲಿ ಗೊನೆಗಳು ಸುಟ್ಟ ಹಾಗೆ ಕಪ್ಪಾದವು. ಕಾಯಿ ಉದುರಿದವು. ನೋಡಿದವರು ಕೊಳೆ ಬಂತು ಎಂದರು. ನಾನೂ ಹೂಂ ಎಂದೆ. ಈಗ ಬರೆಯುತ್ತಿದ್ದೇನೆ, ಅದು ಕೊಳೆಯಲ್ಲ.

ಆ ವರ್ಷ ಮೈಲುತುತ್ತ ಇತ್ತು, ಸುಣ್ಣ ಇತ್ತು, ಪಂಪು ಇತ್ತು. ಇಲ್ಲದೇ ಹೋಗಿದ್ದು ಯಾವುದು? ಇವತ್ತು ಅದೇ ಕೆಲಸಕ್ಕೆ ಒಂದು ಸಣ್ಣ ಪೆಟ್ಟಿಗೆ ಮಾಡಿ, ಕೆಂಪು ದೀಪ ಹಚ್ಚಿ, ಸೆನ್ಸರ್ ಎಂದು ಮಾರಿದರೆ ತಂತ್ರಜ್ಞಾನದ ಮೇಜಿನ ಮೇಲೆ ಇಡುತ್ತಾರೆ. ಅಪ್ಪಯ್ಯನ ಕತ್ತಿಯೂ ಕೆಂಪಾಗುತ್ತಿತ್ತು.

ನನಗೆ ಇನ್ನೊಂದು ಗುಮಾನಿ ಇದೆ. ಯಾರ ಕೈಯ ಕೆಲಸ ಎಂಬುದರ ಮೇಲೆ ಈ ಹೆಸರು ಕೊಡುತ್ತಾರೆ. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ನೋಡಿ. ರಾತ್ರಿ ಹನ್ನೆರಡರವರೆಗೆ ಹೆಂಗಸರು ಸಾಲಾಗಿ ಕೂತು ಅದರ ಮುಂದೆ ಅಡಿಕೆ ಸುಲಿಯುತ್ತಿದ್ದರು. ಆಯಿಯ ಕತ್ತಿಯನ್ನು ಆಚಾರಿ ಅವಳ ಕೈ ನೋಡಿಯೇ ಬಾಗಿಸಿ ಕೊಟ್ಟಿದ್ದ. ಬೇರೆಯವರು ಕೂತರೆ ಬೆರಳು ಕೊಯ್ಯುತ್ತಿತ್ತು. ಅವಳಿಗೆ ಕಣ್ಣು ಮುಚ್ಚಿದರೂ ಕಾಯಿ ಸಿಪ್ಪೆ ಬಿಟ್ಟು ಬರುತ್ತಿತ್ತು. ಅದು ಹೆಂಗಸರ ಕೆಲಸ. ಮೋಟಾರು ಹಾಕಿದ ಸುಲಿಯುವ ಯಂತ್ರ ಬಂದಾಗ ಟೇಪು ಕತ್ತರಿಸುವ ಕಾರ್ಯಕ್ರಮ ಆಯಿತು. ಅಲ್ಲಿ ಭಾಷಣ ಮಾಡಿದವರು ಗಂಡಸರು.

ಘಟ್ಟ ಇಳಿದರೂ ಇದೇ. ಕುಮಟಾದ ಮಾಣಿಕಟ್ಟಾ ಕಡೆ ಗಜನಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ. ಅಘನಾಶಿನಿಯ ಉಪ್ಪು ನೀರು ಬಂದರೂ ಸಾಯದ ಭತ್ತ. ಒಡ್ಡು, ಒಡ್ಡಿಗೆ ಹಲಗೆ ಬಾಗಿಲು, ಭರತ ಇಳಿತ ನೋಡಿ ತೆಗೆಯುವುದು ಹಾಕುವುದು. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಸಿಗಡಿ, ಮೀನು. ಅಲ್ಲೇ ಹತ್ತಿರ ಸಾಣಿಕಟ್ಟಾದಲ್ಲಿ ಅದೇ ನೀರಿನಿಂದ ಉಪ್ಪು. ಸಿರಸಿಯಲ್ಲಿ 1923ರಲ್ಲಿ ತೋಟಗಾರರು ಸೇರಿ ಮಾರಾಟದ ಸಂಘ ಕಟ್ಟಿದ್ದೂ ಒಂದು ತಂತ್ರಜ್ಞಾನವೇ ಎಂದು ನಾನು ಹೇಳುತ್ತೇನೆ, ನಗಬೇಡಿ. ಕೈಗಾದ ಅಣು ವಿದ್ಯುತ್ ಸ್ಥಾವರ ಎಂದರೆ ಎಲ್ಲರೂ ಕೈ ಮುಗಿಯುತ್ತಾರೆ. ಅಲ್ಲಿ ನಡೆಯುವುದೂ ಕೊನೆಗೆ ನೀರು ಕುದಿಸಿ ಆವಿಯಿಂದ ಚಕ್ರ ತಿರುಗಿಸುವುದೇ ತಾನೆ? ನಮ್ಮ ಬಚ್ಚಲ ಹಂಡೆಯ ದೊಡ್ಡಣ್ಣ ಅದು.

ಹೀಗೆ ಎಲ್ಲವನ್ನೂ ಸೇರಿಸುತ್ತಾ ಹೋದರೆ ಯಾವುದು ತಂತ್ರಜ್ಞಾನ ಅಲ್ಲ ಎಂದು ಕೆಲವರು ಕೇಳುತ್ತಾರೆ. ಅಂಥವರನ್ನು ಒಂದು ರಾತ್ರಿ ಆಯಿಯ ಮೆಟ್ಟುಗತ್ತಿ ಮುಂದೆ ಕೂರಿಸಬೇಕು. ಬೆಳಗ್ಗೆ ಮಾತಾಡೋಣ.

ಹೋದ ವರ್ಷ ತಮ್ಮ ಕಾರ್ಬನ್ ಫೈಬರ್ ದೋಟಿ ತಂದ, ಗೊನೆ ಕೊಯ್ಯುವ ಉದ್ದ ಕೋಲು. ಮರ ಹತ್ತುವವರು ಸಿಗುವುದಿಲ್ಲ, ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು. ಒಳ್ಳೆಯದೇ. ಅಂಗಡಿಯವ ಅದನ್ನು ಹೈಟೆಕ್ ದೋಟಿ ಎಂದ. ಅದರಲ್ಲೂ ಬ್ಯಾಟರಿ ಇಲ್ಲ, ವೈರಿಲ್ಲ. ಬಿದಿರಿನದಕ್ಕಿಂತ ಉದ್ದ, ಬಿದಿರಿನದಕ್ಕಿಂತ ಹಗುರ, ತುದಿಯಲ್ಲಿ ಅದೇ ಕತ್ತಿ. ಮಾಣಿ ಅದನ್ನು ಪ್ರದರ್ಶನಕ್ಕೆ ಒಯ್ದಿದ್ದರೆ ಯಾವ ಮೇಜಿನ ಮೇಲೆ ಇಡುತ್ತಿದ್ದರೋ.

ಜೂನ್ ಮೊದಲ ವಾರ ನಮ್ಮಲ್ಲಿ ಮದ್ದು ಹೊಡೆಯುವುದಿದೆ. ಪ್ರದರ್ಶನದಲ್ಲಿ ತೀರ್ಪು ಕೊಟ್ಟವರು ಅವತ್ತು ಬರಲಿ. ಊಟ ನಮ್ಮದೇ. ಮೈಲುತುತ್ತ, ಸುಣ್ಣ, ಬ್ಯಾರಲ್ ಎಲ್ಲ ತೆಗೆದಿಡುತ್ತೇನೆ. ಕತ್ತಿ ಮಾತ್ರ ಕೊಡುವುದಿಲ್ಲ.

ವಿರೋಧ: ಊರಿಗೆಲ್ಲ ಒಂದೇ ಹೆಸರಿಟ್ಟರೆ

*ಬರೆದವರು: ಕಾರವಾರದಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ್*

ಈ ಪಕ್ಷ ನಾನು ಕೇಳಿ ಪಡೆದದ್ದಲ್ಲ. ಫೋನ್ ಮಾಡಿದವರು, "ನೀವು ಕಂಪ್ಯೂಟರ್ ಮಾಸ್ತರು, ವಿರೋಧ ನೀವೇ ಬರೆಯಬೇಕು" ಎಂದರು. ಪರ ಆಗಲೇ ಹೋಗಿತ್ತು. ಅಕ್ಕನವರ ಲೇಖನವನ್ನೂ ಕಳಿಸಿದರು. ಓದಿ ಮುಗಿಸಿದಾಗ ನನಗೇ ಅವರ ಕಡೆ ಹೋಗಿಬಿಡೋಣ ಅನ್ನಿಸಿತು. ಆದರೂ ಒಪ್ಪಿಕೊಂಡಾಗಿದೆ, ಬರೆಯುತ್ತೇನೆ.

ಮೊದಲನೆಯದು, ಮಾತಿನ ಬಳಕೆ. ಕಾರವಾರದ ಪೇಟೆಯಲ್ಲಿ ನಿಂತು ಹತ್ತು ಜನರನ್ನು ತಂತ್ರಜ್ಞಾನ ಎಂದರೆ ಏನು ಎಂದು ಕೇಳಿ. ಹತ್ತೂ ಜನ ಜೇಬಿನಿಂದ ಮೊಬೈಲು ತೆಗೆಯುತ್ತಾರೆ. ಮೀನು ಮಾರುವವಳೂ ಕ್ಯೂಆರ್ ಕೋಡಿನ ಹಲಗೆ ತೋರಿಸುತ್ತಾಳೆ. ತನ್ನ ಎದುರಿಗಿರುವ ಕತ್ತಿ ತೋರಿಸುವುದಿಲ್ಲ. ಪದಕ್ಕೆ ಅರ್ಥ ಕೊಡುವವರು ಆಡುವ ಜನ. 1777ರಲ್ಲಿ ಜರ್ಮನಿಯ ಪ್ರೊಫೆಸರು ಏನು ಬರೆದ ಎಂಬುದು ಚೆಂದದ ವಿಷಯ, ಆದರೆ ಆ ಕಾಲದಲ್ಲಿ ಕಂಪ್ಯೂಟರ್ ಎಂಬ ಇಂಗ್ಲಿಷ್ ಪದಕ್ಕೂ ಕೂತು ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥ ಇತ್ತು. ಹಾಗಂತ ಇವತ್ತು ಸೊಸೈಟಿಯ ಗುಮಾಸ್ತರನ್ನು ಕಂಪ್ಯೂಟರ್ ಎಂದು ಕರೆದರೆ ಅವರು ಸುಮ್ನೆ ಇರುತ್ತಾರಾ?

ಎರಡನೆಯದು, ಬೇಲಿ. ದಬ್ಬೆ ಸೇರಿತು, ಕತ್ತಿ ಸೇರಿತು, ಸುಣ್ಣ ಸೇರಿತು, ಗದ್ದೆಯ ಒಡ್ಡು ಸೇರಿತು, ಕೊನೆಗೆ ಅಡಿಕೆ ಮಾರುವ ಸಂಘವೂ ಸೇರಿತು. ಹಾಗಾದರೆ ದೋಸೆ ಮಗುಚುವುದು? ಪಂಚೆ ಉಡುವುದು? ಕಾಗೆ ಗೂಡು ಕಟ್ಟುವುದು? ಊರಿಗೆಲ್ಲ ಒಂದೇ ಹೆಸರಿಟ್ಟರೆ ಹೊರಗೆ ನಿಂತು ಯಾರನ್ನು ಕರೆಯುವುದು? ಅಕ್ಕನವರು ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಮೆಟ್ಟುಗತ್ತಿ ತೋರಿಸಿದರು. ಹೆದರಿಕೆ ಆಗುತ್ತದೆ, ಒಪ್ಪುತ್ತೇನೆ. ಉತ್ತರ ಅಂತೂ ಸಿಗಲಿಲ್ಲ.

ಇನ್ನು ಹಂಡೆ. ಕೈಗಾದಲ್ಲಿ ನಾಲ್ಕು ಘಟಕ ಇವೆ, ಒಂದೊಂದೂ 220 ಮೆಗಾವಾಟ್. ಮೊದಲನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ನಡೆಯಿತು. ಆಗ ಅದು ವಿಶ್ವ ದಾಖಲೆ. ನೀರು ಕುದಿಯುತ್ತದೆ, ಸರಿ. ಆದರೆ ಅಣು ಒಡೆಯುವ ವೇಗವನ್ನು ಕ್ಷಣಕ್ಷಣಕ್ಕೂ ಅಳೆದು, ಹೆಚ್ಚಾಗದಂತೆ ಕಡಿಮೆಯಾಗದಂತೆ ಹಿಡಿದಿಡಬೇಕು. ಅದನ್ನು ಒಣ ಎಲೆ ಬಿಟ್ಟು ನೋಡಲು ಆಗುವುದಿಲ್ಲ. ಸಿರಸಿಯಲ್ಲಿ ಯಾರಾದರೂ 962 ದಿನ ಹಂಡೆಗೆ ಬೆಂಕಿ ಆರದಂತೆ ಇಟ್ಟಿದ್ದರೆ ಹೇಳಲಿ, ನಾನು ಬಂದು ಸ್ನಾನ ಮಾಡಿ ಹೋಗುತ್ತೇನೆ.

ಇಷ್ಟರವರೆಗೆ ಬರೆದದ್ದು ಮಾಸ್ತರಿಕೆ. ನಾನು ನಿಜವಾಗಿ ನಂಬುವುದು ಒಂದೇ ಒಂದಿದೆ. ತಂತ್ರಜ್ಞಾನ ಎಂದರೆ ಒಬ್ಬರಿಂದ ಬಿಡಿಸಿ ಇನ್ನೊಬ್ಬರಿಗೆ ಕೊಡಲು ಆಗಬೇಕು. ಕೊಟ್ಟವನು ಜೊತೆಗೆ ಇಲ್ಲದಿದ್ದರೂ ಅದು ನಡೆಯಬೇಕು. ಅಕ್ಕನವರ ಆಯಿಯ ಕತ್ತಿಯ ಮುಂದೆ ಬೇರೆಯವರು ಕೂತರೆ ಬೆರಳು ಕೊಯ್ಯುತ್ತಿತ್ತಂತೆ. ಅದು ಆಯಿಯ ಕೈಚಳಕ, ದೊಡ್ಡದೇ, ಅದಕ್ಕೆ ನಮಸ್ಕಾರ. ಆದರೆ ಆಯಿಯ ಜೊತೆಗೇ ಹೋಗುವಂಥದ್ದು. ಇದನ್ನು ನಾನು ನೋಡಿ ಕಲಿತದ್ದು ಅಪ್ಪನಿಂದ.

ನಮ್ಮದು ಬೈತಖೋಲ್ ಬಂದರಿನ ಹತ್ತಿರದ ಮನೆ. ಅಪ್ಪನದು ಸಣ್ಣ ದೋಣಿ. ಕಡಲಲ್ಲಿ ಎಲ್ಲಿ ಬಲೆ ಬಿಡಬೇಕು, ಎಲ್ಲಿ ತಳದಲ್ಲಿ ಕಲ್ಲಿದೆ ಎಂಬುದಕ್ಕೆ ಅವನು ಇಟ್ಟುಕೊಂಡಿದ್ದು ದಡದ ಗುರುತು. ಕೂರ್ಮಗಡ ದ್ವೀಪದ ಬೆನ್ನು ಹಿಂದಿನ ಗುಡ್ಡದ ಒಂದು ತಗ್ಗಿಗೆ ಕೂಡಬೇಕು. ಅದೇ ಹೊತ್ತಿಗೆ ಇನ್ನೊಂದು ಕಡೆ ದೇವಗಡ ದ್ವೀಪದ ದೀಪಸ್ತಂಭ ಇಂಥದೇ ಒಂದು ಶಿಖರದ ಎಡಕ್ಕೆ ಒಂದು ಬೆರಳು ಕಾಣಬೇಕು. ಎರಡು ಗೆರೆ ಕೂಡಿದ ಜಾಗವೇ ಜಾಗ. ಬೆರಳು ಎಂದರೆ ಕೈ ಚಾಚಿ ಹಿಡಿದ ಅವನ ಬೆರಳು. ನನ್ನ ಬೆರಳು ಸಪೂರ, ನಾನು ನೋಡಿದರೆ ಜಾಗ ತಪ್ಪುತ್ತಿತ್ತು. ಅವನು ನಗುತ್ತಿದ್ದ. ಮಂಜು ಮುಸುಕಿದರೆ ಗುರುತೂ ಇಲ್ಲ, ಜಾಗವೂ ಇಲ್ಲ, ಆ ದಿನ ಮೀನೂ ಇಲ್ಲ.

2006ರಲ್ಲಿ ಸಾಲ ಮಾಡಿ ಜಿಪಿಎಸ್ ತಂದೆವು. ನಾನೇ ಹಟ ಮಾಡಿದ್ದು. ಆಕಾಶದಲ್ಲಿ ತಿರುಗುವ ಉಪಗ್ರಹಗಳು ಸಮಯ ಹೇಳುತ್ತಾ ಇರುತ್ತವೆ, ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ, ಯಾವುದು ಎಷ್ಟು ತಡವಾಗಿ ಬಂತು ಎಂಬ ಲೆಕ್ಕದಲ್ಲೇ ನಾವಿರುವ ಜಾಗ ಗೊತ್ತಾಗುತ್ತದೆ ಎಂದು ಅಪ್ಪನಿಗೆ ವಿವರಿಸಿದೆ. ಕೇಳಿಸಿಕೊಂಡ. ಗುಂಡಿ ಯಾವುದು ಒತ್ತಬೇಕು ಹೇಳು ಎಂದ. ಜಾಗ ಗುರುತು ಹಾಕುವ ಗುಂಡಿ ತೋರಿಸಿದೆ. ಆಮೇಲೆ ಅವನು ಮಂಜಿನಲ್ಲೂ ಹೋಗಿ ಬರತೊಡಗಿದ. ಈಗ ಬಂದರಿಗೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆಯೂ ಬರುತ್ತದೆ. ಕಡಲ ಮೇಲ್ಮೈಯ ಬಿಸಿ, ನೀರಿನ ಹಸಿರಿನ ಅಂಶ ಎಲ್ಲ ಉಪಗ್ರಹದಿಂದ ನೋಡಿ, ಮೀನು ಇಂಥ ಕಡೆ ಇರಬಹುದು ಎನ್ನುತ್ತಾರೆ. ಬೆರಳಿನ ದಪ್ಪ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ತಂತ್ರಜ್ಞಾನ ಎಂದರೆ ಇದು.

ಅಪ್ಪ 2019ರಲ್ಲಿ ತೀರಿಕೊಂಡ. ದೋಣಿ ಈಗ ಅಣ್ಣನದು. ಬೆರಳಿನ ಲೆಕ್ಕ ಅಪ್ಪನ ಜೊತೆ ಹೋಯಿತು, ಜಿಪಿಎಸ್ ಉಳಿಯಿತು. ಅದರಲ್ಲಿ ಅಪ್ಪ ಗುಂಡಿ ಒತ್ತಿ ಹಾಕಿದ 61 ಗುರುತುಗಳಿವೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಪಕ್ಷಕ್ಕೆ ಒಳ್ಳೆಯದಿತ್ತು.

ಅಪ್ಪನಿಗೆ ಅದರಲ್ಲಿ ಹೆಸರು ಬರೆಯಲು ಬರುತ್ತಿರಲಿಲ್ಲ. ನಾನು ಕಲಿಸಲೂ ಇಲ್ಲ, ರಜೆಗೆ ಬಂದಾಗ ಕಲಿಸಿದರಾಯಿತು ಎಂದುಕೊಂಡೆ. ಹಾಗಾಗಿ ಯಂತ್ರ ತಾನಾಗಿ ಕೊಟ್ಟ ನಂಬರುಗಳೇ ಉಳಿದವು, 1, 2, 3 ಎಂದು 61ರವರೆಗೆ. ಕೆಲವು ಮೀನು ಸಿಗುವ ಜಾಗ. ಕೆಲವು ಬಲೆ ಹರಿಯುವ ಕಲ್ಲು. ಎರಡಕ್ಕೂ ಅವನು ಒತ್ತಿದ್ದು ಅದೇ ಗುಂಡಿ. ಯಾವುದು ಯಾವುದೆಂದು ಅವನಿಗೆ ನೆನಪಿತ್ತು. ಅಣ್ಣನಿಗೆ ಜೊತೆಯಲ್ಲಿ ಹೋಗಿ ಗೊತ್ತಿರುವುದು ಇಪ್ಪತ್ತೋ ಇಪ್ಪತ್ತೆರಡೋ.

ಹೋದ ವರ್ಷ 38ರ ಮೇಲೆ ಬಲೆ ಬಿಟ್ಟು ಅರ್ಧ ಬಲೆ ಹೋಯಿತು. 41ರ ಕಡೆಗೆ ಅಣ್ಣ ಇನ್ನೂ ಹೋಗಿಲ್ಲ.